ಸದ್ದು ಯಾವಾಗ ನಿಲ್ಲುತ್ತದೆ?

ಅಕ್ಕನ ಮನೆ ಇಂಗ್ಲೆಂಡಿನಲ್ಲಿ, ಆಬಿಂಗ್ಡನ್ ಎಂಬ ಊರಿನಿಂದ ಹದಿನೈದು ನಿಮಿಷದ ದಾರಿ. ಭಾವ ಕೆಲಸದಿಂದ ನಿವೃತ್ತರಾದ ವರ್ಷ ಆ ಊರಿನಲ್ಲೇ ತಯಾರಾದ ಹಳೇ ಕಾರೊಂದನ್ನು ಮನೆಗೆ ತಂದರು. 1966ರ ಎಂಜಿಬಿ. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ತಂತಿ ಕಡ್ಡಿಗಳ ಚಕ್ರ. ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಸೂಟ್‌ಕೇಸು ಕೆಳಗಿಡುವ ಮೊದಲೇ ಭಾವನ ಅಹವಾಲು ಶುರುವಾಯಿತು.

"ಗೇರ್‌ಬಾಕ್ಸಲ್ಲಿ ಸದ್ದು ಕಣಯ್ಯಾ. ಇಷ್ಟು ವರ್ಷ ಪಾಲಿಟೆಕ್ನಿಕ್ಕಲ್ಲಿ ಪಾಠ ಹೇಳಿದ್ದೀಯ, ಬಂದು ಸ್ವಲ್ಪ ಕೇಳು."

"ಎಂಥ ಸದ್ದು ಭಾವ?"

"ಕೊಂಯ್ ಅನ್ನತ್ತೆ."

"ಕೊಂಯ್ ಅಲ್ಲ, ಗರಗರ ಅನ್ನತ್ತೆ," ಅಂತ ಅಕ್ಕ ಅಡುಗೆಮನೆಯಿಂದಲೇ ತಿದ್ದಿದಳು. "ಇವರಿಗೆ ಕಾರಿನ ಸದ್ದು ಮಾತ್ರ ಕೇಳೋದು. ಕುಕ್ಕರು ಐದು ಸೀಟಿ ಹೊಡೆದರೂ ಕೇಳಲ್ಲ." ಮಹಡಿಯಿಂದ ಇಳಿದು ಬಂದ ಮಗಳ ಪ್ರಕಾರ ಎರಡೂ ಅಲ್ಲ, ಸುಮ್ಮನೆ ನಿಂತಾಗ ಕಟಕಟ.

ಕನ್ನಡದಲ್ಲಿ ಸದ್ದಿಗೆ ಪದಗಳ ಬರವಿಲ್ಲ. ಅನುಕರಣಾವ್ಯಯ ಅಂತ ಮಾಧ್ಯಮಿಕ ಶಾಲೆಯಲ್ಲೇ ಉರು ಹೊಡೆಸಿರುತ್ತಾರೆ. ಅಷ್ಟು ಸಂಪತ್ತಿದ್ದೂ ಕಾರಿನ ಮುಂದೆ ನಿಂತಾಗ ಅದು ನೆರವಿಗೆ ಬರುವುದಿಲ್ಲ. ಒಬ್ಬರ ಗುಂಯ್ ಇನ್ನೊಬ್ಬರ ಗುರ್ರ್ ಆಗಿರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ರಜೆಯಲ್ಲಿ ಹಾಸನದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಅಲ್ಲಿನ ಮೇಸ್ತ್ರಿ, ಟ್ಯಾಕ್ಸಿ ಡ್ರೈವರುಗಳು ಬಾಯಲ್ಲೇ ಗೇರ್‌ಬಾಕ್ಸ್ ನುಡಿಸಿ ತೋರಿಸುವಾಗ ಬೀಡಿ ಸೇದುತ್ತಾ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದೆಲ್ಲ ಸರಿ, ಯಾವಾಗ ನಿಲ್ತದೆ?" ಸದ್ದು ಹೇಗಿದೆ ಅಂತ ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಅಷ್ಟೆಲ್ಲ ಕಲಿತೂ ಭಾವನ ಮನೆ ಹೊಸ್ತಿಲಲ್ಲಿ ನನ್ನ ಬಾಯಿಂದ ಬಂದದ್ದು ತಪ್ಪು ಪ್ರಶ್ನೆಯೇ.

ಕಾರಿನ ಬಗ್ಗೆ ಎರಡು ಮಾತು. ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಸೈಕಲ್ ವ್ಯವಹಾರದಿಂದ ಮೇಲೆ ಬಂದ ವಿಲಿಯಂ ಮೋರಿಸ್ ನಡೆಸುತ್ತಿದ್ದ ಕಾರು ಮಳಿಗೆಯ ಹೆಸರು ಅದು. ಎಂಜಿಬಿ ಮಾದರಿ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದದ್ದು 1962ರಲ್ಲಿ. 1980ರಲ್ಲಿ ಆ ಕಾರ್ಖಾನೆ ಮುಚ್ಚುವ ಹೊತ್ತಿಗೆ ಎಲ್ಲ ಬಗೆಗಳೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾಗಿದ್ದವು. ಈಗ ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿ ಕಾರುಗಳಿಗೂ ಅದಕ್ಕೂ ಉಳಿದಿರುವ ನಂಟು ಹೆಸರು ಮತ್ತು ಎಂಟು ಮೂಲೆಯ ಆ ಮುದ್ರೆ, ಅಷ್ಟೇ.

ನಮಗೆ ನಿಜವಾದ ನೆಂಟಸ್ತನ ಇರುವುದು ಬೇರೆ ದಾರಿಯಲ್ಲಿ. ಎಂಜಿಬಿಯ 1798 ಸಿಸಿ ಇಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶದ್ದು. ಅದೇ ವಂಶದ 1489 ಸಿಸಿ ಇಂಜಿನ್ನೇ ನಮ್ಮ ಅಂಬಾಸಿಡರಿನಲ್ಲಿ ದಶಕಗಟ್ಟಲೆ ದುಡಿದದ್ದು. ಅಂಬಾಸಿಡರಿನ ಮೂಲಕಾರು ಮೋರಿಸ್ ಆಕ್ಸ್‌ಫರ್ಡ್. ಅದು ಹುಟ್ಟಿದ ಕೌಲಿ, ಆಬಿಂಗ್ಡನ್ನಿಗೆ ಪಕ್ಕದೂರು ಎನ್ನಬಹುದಾದಷ್ಟು ಹತ್ತಿರ. ಒಂದು ಕವಲು ಕುಟುಂಬ ಸಮೇತ ಬಂಗಾಳದ ಉತ್ತರಪಾರಾ ಕಾರ್ಖಾನೆಗೆ ಬಂದು ಸರ್ಕಾರಿ ಕಚೇರಿ, ಟ್ಯಾಕ್ಸಿ ಸ್ಟ್ಯಾಂಡು ಅಂತ ಬದುಕಿತು, ಇನ್ನೊಂದು ಅಲ್ಲೇ ಇದ್ದು ಶೋಕಿ ಮಾಡಿತು. ದಾಯಾದಿಗಳು. ಭಾವ ಕಾರನ್ನು ಶುರು ಮಾಡಿ ಮೊದಲನೇ ಗೇರಿನಲ್ಲಿ ಗೇಟು ದಾಟಿಸಿದಾಗ ಅದು 'ಕೊಂಯ್...' ಅಂತ ರಾಗ ಎಳೆಯಿತು ನೋಡಿ, ನನಗೆ ಹಾಸನದ ಬಸ್‌ ಸ್ಟ್ಯಾಂಡಿನ ಎದುರಿನ ಟ್ಯಾಕ್ಸಿಗಳ ಸಾಲು ಕಣ್ಣಿಗೆ ಕಟ್ಟಿತು.

"ಇದೇ ಸದ್ದು!" ಅಂದರು ಭಾವ.

"ಇದು ರೋಗ ಅಲ್ಲ ಭಾವ, ಇದರ ದನಿಯೇ ಹೀಗೆ."

1967ರ ಕೊನೆಯವರೆಗೆ ಬಂದ ಎಂಜಿಬಿಗಳಲ್ಲಿ ಮೊದಲನೇ ಗೇರಿಗೆ ಸಿಂಕ್ರೊ ಇರಲಿಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಹಿತ್ತಾಳೆಯ ಬಳೆಯೊಂದರ ತಿಕ್ಕಾಟದಿಂದ ಸಮವೇಗಕ್ಕೆ ತಂದು ಜೋಡಿಸುವ ಏರ್ಪಾಡು ಸಿಂಕ್ರೊ. ಅದಿಲ್ಲದ ಒಂದನೇ ಗೇರಿನ ಚಕ್ರವನ್ನು ಹಾಗೇ ಜಾರಿಸಿ ಇನ್ನೊಂದರ ಹಲ್ಲಿಗೆ ಸೇರಿಸಬೇಕು. ಹಾಗೆ ಜಾರಬೇಕಾದರೆ ಹಲ್ಲುಗಳು ನೇರ ಇರಬೇಕು. ಓರೆ ಹಲ್ಲಿನ ಚಕ್ರಗಳಲ್ಲಿ ಒಂದು ಹಲ್ಲು ಇನ್ನೊಂದನ್ನು ತುದಿಯಿಂದ ಮೆಲ್ಲಗೆ ಮುಟ್ಟುತ್ತಾ ಹೋಗುತ್ತದೆ, ಅದು ಬಿಡುವ ಮೊದಲೇ ಪಕ್ಕದ ಹಲ್ಲು ಹೊರೆ ವಹಿಸಿಕೊಂಡಿರುತ್ತದೆ. ನೇರ ಹಲ್ಲು ಹಾಗಲ್ಲ, ಉದ್ದಕ್ಕೂ ಒಂದೇ ಸಲಕ್ಕೆ ಬಂದು ಅಪ್ಪಳಿಸುತ್ತದೆ. ಸೆಕೆಂಡಿಗೆ ನೂರಾರು ಅಪ್ಪಳಿಕೆ ಸೇರಿದರೆ ಕೊಂಯ್. ರಿವರ್ಸಿನಲ್ಲೂ ಅದೇ ಕತೆ. ಅಂಬಾಸಿಡರಿನ ಹಳಬರು ಕಾರು ಪೂರ್ತಿ ನಿಲ್ಲುವ ತನಕ ಫಸ್ಟಿಗೆ ಹಾಕದೆ ಕಾಯುತ್ತಿದ್ದದ್ದೂ ಇದಕ್ಕೇ. ಕೈ ಪಳಗಿದವರು ಡಬಲ್ ಕ್ಲಚ್ ಹೊಡೆದು, ನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು, ಓಡುವಾಗಲೇ ಬೆಣ್ಣೆಯಂತೆ ಇಳಿಸುತ್ತಿದ್ದರು.

ಭಾವನಿಗೆ ಸಮಾಧಾನವಾಗಲಿಲ್ಲ. ಸಹಜವೇ. ವೈದ್ಯರು 'ಇದು ನಿಮ್ಮ ಪ್ರಕೃತಿ' ಅಂದರೆ ಯಾರಿಗೆ ಸಮಾಧಾನವಾಗುತ್ತದೆ?

ಇನ್ನು ಉಳಿದ ಸದ್ದುಗಳನ್ನು ಹಿಡಿಯಬೇಕಾದರೆ ಆ ಪೆಟ್ಟಿಗೆಯೊಳಗೆ ಯಾವಾಗ ಏನು ತಿರುಗುತ್ತದೆ ಎಂಬುದು ತಲೆಯಲ್ಲಿರಬೇಕು. ಮದುವೆ ಛತ್ರದಲ್ಲಿ ಹತ್ತು ಜನ ಸಾಲಾಗಿ ಮಲಗಿರುವಾಗ ಗೊರಕೆ ಯಾರದು ಅಂತ ಕಂಡುಹಿಡಿಯುವುದು ಹೇಗೆ? ಕತ್ತಲಲ್ಲಿ ಕಿವಿ ಕೊಟ್ಟು ಕೂತರೆ ಆಗದು. ಒಬ್ಬೊಬ್ಬರನ್ನೇ ಮಗ್ಗುಲು ತಿರುಗಿಸುತ್ತಾ ಬರಬೇಕು. ಯಾರು ತಿರುಗಿದಾಗ ಗೊರಕೆ ನಿಂತಿತೋ ಅವರದು. ಗೇರ್‌ಬಾಕ್ಸಿನಲ್ಲಿ ಮಗ್ಗುಲು ತಿರುಗಿಸಲು ನಮಗಿರುವ ಕೈಗಳು ಎರಡೇ, ಕ್ಲಚ್ ಪೆಡಲ್ಲು ಮತ್ತು ಗೇರ್ ಲಿವರ್. ಸಾಕು.

ಒಳಗೆ ಮೂರು ಶಾಫ್ಟುಗಳು. ಕ್ಲಚ್ಚಿನಿಂದ ಒಳಬರುವುದು ಮೊದಲನೆಯದು. ಅದರ ಹಿಂದೆಯೇ, ಒಂದೇ ಗೆರೆಯಲ್ಲಿ, ಹೊರಗೆ ಚಕ್ರಗಳ ಕಡೆಗೆ ಹೋಗುವ ಮೇನ್ ಶಾಫ್ಟು. ಇವೆರಡರ ಕೆಳಗೆ ಲೇ ಶಾಫ್ಟು. ಇದು ಸ್ವತಃ ತಿರುಗದ ಒಂದು ಉಕ್ಕಿನ ಸರಳು. ಅದರ ಮೇಲೆ, ಸೂಜಿಯಂಥ ಸಣ್ಣ ರೋಲರುಗಳ ಬೇರಿಂಗಿನ ಆಸರೆಯಲ್ಲಿ, ನಾಲ್ಕಾರು ಚಕ್ರಗಳನ್ನು ಒಟ್ಟಿಗೆ ಕೊರೆದಂತಿರುವ ಲೇ ಗೇರು ಸುತ್ತುತ್ತಿರುತ್ತದೆ. ಇಂಜಿನ್ನಿನ ಬಲ ಮೊದಲ ಶಾಫ್ಟಿನಿಂದ ಕೆಳಗಿಳಿದು ಲೇ ಗೇರಿಗೆ ಬಂದು, ಅಲ್ಲಿಂದ ಮತ್ತೆ ಮೇಲೆ ಹತ್ತಿ ಮೇನ್ ಶಾಫ್ಟಿಗೆ ಹೋಗುತ್ತದೆ. ಒಂದು, ಎರಡು, ಮೂರನೇ ಗೇರುಗಳಲ್ಲಿ ಹೀಗೆ. ನಾಲ್ಕರಲ್ಲಿ ಮಾತ್ರ ಇಳಿಯುವ ಹತ್ತುವ ರಗಳೆಯಿಲ್ಲ, ಮೊದಲ ಶಾಫ್ಟನ್ನೂ ಮೇನ್ ಶಾಫ್ಟನ್ನೂ ನೇರವಾಗಿ ಬೆಸೆದುಬಿಡುತ್ತಾರೆ. ಆಗ ಲೇ ಗೇರು ತಿರುಗುತ್ತಲೇ ಇರುತ್ತದೆ, ಆದರೆ ಹೊರೆಯಿಲ್ಲದೆ, ಖಾಲಿ ಕೈಯಲ್ಲಿ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ರೋಗಪರೀಕ್ಷೆ ಮುಗಿದಂತೆ.

ಮರುದಿನ ಬೆಳಿಗ್ಗೆ ಇಂಜಿನ್ನು ಬಿಸಿಯಾಗುವ ತನಕ ಓಡಿಸಿ, ಅಂಗಳದಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದೆವು. ಮಗಳು ಹೇಳಿದ ಕಟಕಟ ಸ್ಪಷ್ಟವಾಗಿ ಕೇಳಿಸಿತು. ಕ್ಲಚ್ ಒತ್ತಿದೆ, ನಿಂತಿತು. ಬಿಟ್ಟೆ, ಮತ್ತೆ ಶುರು. ಕ್ಲಚ್ ಒತ್ತಿದಾಗ ಮೊದಲ ಶಾಫ್ಟೂ ಲೇ ಗೇರೂ ತಿರುಗುವುದು ನಿಲ್ಲುತ್ತದೆ. ಹಾಗಾಗಿ ಸದ್ದು ಈ ಬಳಗದ್ದೇ. ಅದು ಕ್ಲಚ್ ಒತ್ತಿದಾಗ ಶುರುವಾಗುವ ಸದ್ದಾಗಿದ್ದರೆ ರಿಲೀಸ್ ಬೇರಿಂಗಿನ ಕಡೆ ನೋಡಬೇಕಿತ್ತು. ಎಂಜಿಬಿಯಲ್ಲಿ ಅದು ಗುಂಡುಗಳಿರುವ ಬೇರಿಂಗೂ ಅಲ್ಲ, ಗ್ರಾಫೈಟಿನ ಒಂದು ದಪ್ಪ ಬಳೆ. ಪೆಡಲ್ ಮೇಲೆ ಕಾಲಿಟ್ಟಷ್ಟು ಹೊತ್ತೂ ಉಜ್ಜಿಕೊಂಡು ಸವೆಯುತ್ತದೆ. ನಮ್ಮ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಒತ್ತಿಕೊಂಡೇ ಕೂರುವವರ ಕೈಗೆ, ಅಂದರೆ ಕಾಲಿಗೆ, ಈ ಕಾರು ಸಿಕ್ಕರೆ ವರ್ಷವೂ ಬಾಳಲಿಕ್ಕಿಲ್ಲ. ಪೆಡಲ್ಲನ್ನು ಬೆರಳ ತುದಿಯಲ್ಲಿ ಮುಟ್ಟಿದಷ್ಟಕ್ಕೇ ಕಿರ್ರೆಂದರೆ ಈ ಬಳೆಯೇ ಅಪರಾಧಿ. ಪೆಡಲ್ಲನ್ನು ಪೂರ್ತಿ ಒತ್ತಿ ಹಿಡಿದಾಗ ಮಾತ್ರ ಬರುವ ಸದ್ದಾದರೆ, ಮೊದಲ ಶಾಫ್ಟಿನ ಮೂತಿ ಕೂರುವ ಸಣ್ಣ ಕಂಚಿನ ಪೈಲಟ್ ಬುಶ್ಶಿನ ಮೇಲೆ ಸಂಶಯಪಡಬಹುದು.

ಭಾವನ ಮುಖ ಇಳಿದಿತ್ತು. "ಹಾಗಾದರೆ ಒಳಗೇ. ಗೇರ್‌ಬಾಕ್ಸ್ ಬಿಚ್ಚಬೇಕು ಅನ್ನು."

"ಸ್ವಲ್ಪ ತಡೀರಿ. ಒಂದು ತೋಟಕ್ಕೆ ನೀರು ಹಾಯಿಸೋ ಪೈಪಿನ ತುಂಡು ಇದೆಯಾ?"

ಎಂಜಿಬಿಗೆ ಎರಡು ಎಸ್‌ಯು ಕಾರ್ಬುರೇಟರುಗಳು, ಜೋಡೆತ್ತಿನ ಹಾಗೆ. ಎರಡೂ ಸಮವಾಗಿ ಗಾಳಿ ಎಳೆಯಬೇಕು. ಏರ್ ಫಿಲ್ಟರುಗಳನ್ನು ಕಳಚಿಟ್ಟು, ಪೈಪಿನ ಒಂದು ತುದಿಯನ್ನು ಕಿವಿಗೆ ಹಚ್ಚಿಕೊಂಡು ಇನ್ನೊಂದು ತುದಿಯನ್ನು ಮುಂದಿನ ಕಾರ್ಬುರೇಟರಿನ ಬಾಯಿಗೆ ಹಿಡಿದೆ. ದೊಡ್ಡ ಉಸಿರು. ಹಿಂದಿನದಕ್ಕೆ ಹಿಡಿದೆ, ಉಸಿರು ಇದೆಯೋ ಇಲ್ಲವೋ ಎಂಬಷ್ಟು. ಭಾವನ ಕಿವಿಗೂ ಹಿಡಿಸಿದೆ. ಒಂದು ಎತ್ತು ಎಳೆಯುತ್ತಿದೆ, ಇನ್ನೊಂದು ಜೊತೆಗೆ ನಡೆಯುತ್ತಿದೆ. ಹೀಗಾದಾಗ ಇಂಜಿನ್ನಿನ ಸುತ್ತು ಒಂದೇ ಸಮ ಇರದೆ ಜಗ್ಗಿ ಜಗ್ಗಿ ಬರುತ್ತದೆ. ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತಿರುವ ಗೇರುಗಳ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ, ಇರಲೂ ಬೇಕು. ಜಗ್ಗಿದಾಗೊಮ್ಮೆ ಹಲ್ಲು ಹಲ್ಲಿಗೆ ತಾಗಿ ಕಟಕಟ. ಸದ್ದು ಗೇರ್‌ಬಾಕ್ಸಿನದು, ತಪ್ಪು ಅದರದ್ದಲ್ಲ.

ಎರಡೂ ಕಡೆಯ ಉಸಿರು ಒಂದೇ ಆಗುವ ತನಕ ಸ್ಕ್ರೂಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ, ಐಡ್ಲಿಂಗನ್ನು 800ರ ಹತ್ತಿರ ನಿಲ್ಲಿಸಿದಾಗ ಕಟಕಟ ಮುಕ್ಕಾಲು ಪಾಲು ಮಾಯವಾಗಿತ್ತು. ಉಳಿದ ಕಾಲು ಪಾಲನ್ನು ಅರವತ್ತು ವರ್ಷದ ಕಾರಿಗೆ ಮಾಫಿ ಮಾಡಬಹುದು. ಖರ್ಚು ಸೊನ್ನೆ. ಈ ಒಂದು ಪರೀಕ್ಷೆ ಮಾಡದೆ ಗೇರ್‌ಬಾಕ್ಸಿಗೆ ಸ್ಪ್ಯಾನರ್ ಹಾಕುವ ಮೆಕ್ಯಾನಿಕ್ಕಿನ ಮೇಲೆ ನನಗೆ ನಂಬಿಕೆಯಿಲ್ಲ.

ಇನ್ನುಳಿದದ್ದು ಅಕ್ಕನ ಗರಗರ. ಅದು ನಿಂತಾಗ ಬರುವುದಲ್ಲ, ರಸ್ತೆಗೇ ಹೋಗಬೇಕು. ಊರಾಚೆಯ ಖಾಲಿ ರಸ್ತೆಯಲ್ಲಿ ಭಾವನಿಗೆ ಒಂದೇ ಸೂಚನೆ ಕೊಟ್ಟೆ: ಪ್ರತಿ ಗೇರಿನಲ್ಲೂ ಇಂಜಿನ್ ಸುತ್ತು 3000ಕ್ಕೆ ಬಂದಾಗ ಅಲ್ಲೇ ಹಿಡಿದಿಡಿ, ವೇಗ ಎಷ್ಟಾದರೂ ಆಗಲಿ. ಈ ಕಾರಿನ ಅನುಪಾತಗಳ ಪ್ರಕಾರ 3000ಕ್ಕೆ ಮೊದಲನೇ ಗೇರಿನಲ್ಲಿ ಸುಮಾರು 15 ಮೈಲಿ ವೇಗ, ಎರಡರಲ್ಲಿ 24, ಮೂರರಲ್ಲಿ 39, ನಾಲ್ಕರಲ್ಲಿ 54. ಇಂಜಿನ್ನಿನ ಸುತ್ತು ಬದಲಾಗದಿದ್ದರೆ ಲೇ ಗೇರಿನ ಸುತ್ತೂ ಬದಲಾಗುವುದಿಲ್ಲ. ಬದಲಾಗುವುದು ಅದರ ಮೇಲಿನ ಹೊರೆ ಮಾತ್ರ. ವೇಗ ಒಂದೇ ಇಟ್ಟು ಗೇರು ಬದಲಿಸಿ ಕೇಳುವವರು ಬಹಳ. ಆಗ ಎಲ್ಲವೂ ಒಟ್ಟಿಗೆ ಬದಲಾಗಿ ತಲೆ ಕೆಡುತ್ತದೆ.

ಮೊದಲನೇ ಗೇರಿನಲ್ಲಿ ಕೊಂಯ್ ರಾಗದಡಿ ಬೇರೇನೂ ಕೇಳಲಿಲ್ಲ. ಎರಡರಲ್ಲಿ, ಆಕ್ಸಿಲರೇಟರ್ ಒತ್ತಿದಾಗ, ಬೀಸುಕಲ್ಲಿನಲ್ಲಿ ರಾಗಿ ತೀರಿದ ಮೇಲೂ ಕಲ್ಲು ತಿರುಗಿಸುತ್ತಿದ್ದರೆ ಬರುತ್ತದಲ್ಲ, ಅಂಥ ಗರಗರ. ಲಿವರಿನ ಗುಬಟಿನ ಮೇಲೆ ಅಂಗೈ ಇಟ್ಟರೆ ನಡುಕ ಕೈಗೇ ತಾಗುತ್ತಿತ್ತು. (ಈ ಅಂಗೈ ಇಡುವುದೂ ಒಂದು ಪರೀಕ್ಷೆಯೇ. ಕೈ ಇಟ್ಟೊಡನೆ ಸದ್ದು ನಿಂತರೆ ಅದು ಬರೀ ಲಿವರಿನ ಬುಡ ಸವೆದ ಲೊಟಲೊಟ.) ಮೂರರಲ್ಲಿ ಗರಗರ ಸ್ವಲ್ಪ ಮೆತ್ತಗಾಯಿತು. ನಾಲ್ಕಕ್ಕೆ ಹಾಕಿದಾಗ ಮಾಯ. ಗಾಳಿಯ ಸದ್ದೊಂದೇ. ಭಾವ ನನ್ನ ಮುಖ ನೋಡಿದರು, ನಾನು ಮತ್ತೆ ಮೂರಕ್ಕೆ ಇಳಿಸಲು ಹೇಳಿದೆ. ಗರಗರ ಹಾಜರ್. ಕೊನೆಗೆ ನ್ಯೂಟ್ರಲ್ ಮಾಡಿ ಕಾರನ್ನು ಹಾಗೇ ಉರುಳಲು ಬಿಟ್ಟೆವು, ಸದ್ದಿಲ್ಲ. ಡಿಫರೆನ್ಶಿಯಲ್ಲಿನದೋ ಚಕ್ರದ ಬೇರಿಂಗಿನದೋ ಆಗಿದ್ದರೆ ಉರುಳುವಾಗಲೂ ಜೊತೆಗೆ ಬರುತ್ತಿತ್ತು, ಗೇರಿನ ಹಂಗಿಲ್ಲದೆ.

ಲೇ ಶಾಫ್ಟು. ಹೊರೆ ಹೊತ್ತಾಗ ನರಳುತ್ತದೆ, ಹೊರೆ ಇಳಿದಾಗ ಸುಮ್ಮನಾಗುತ್ತದೆ. ಕೆಳ ಗೇರಿನಲ್ಲಿ ಹೊರೆ ಹೆಚ್ಚು, ಹಾಗಾಗಿ ಎರಡರಲ್ಲಿ ಮೂರಕ್ಕಿಂತ ಜೋರು. ಮೊದಲ ಶಾಫ್ಟಿನ ಮುಂದಿನ ಬೇರಿಂಗ್ ಕೆಟ್ಟಿದ್ದರೂ ಹೀಗೇ ಏರಿಳಿತ ಕಾಣಬಹುದು, ಆದರೆ ಅದು ನಾಲ್ಕರಲ್ಲಿ ಪೂರ್ತಿ ಬಾಯಿ ಮುಚ್ಚುವುದು ಅಪರೂಪ.

ಸಂಜೆ ಕಾರಿನಡಿ ತೂರಿ ಎಣ್ಣೆ ಇಳಿಸಿದೆವು. ಎರಡೂವರೆ ಲೀಟರಿನಷ್ಟು ಇರಬೇಕು, ಬಂದದ್ದು ಒಂದೂವರೆ ಚಿಲ್ಲರೆ. ಅದೂ ಜೇನುತುಪ್ಪದಂತೆ ಗಟ್ಟಿ, ಗಂಧಕದ ನಾತ. ಭಾವನಿಗೆ ಮಾರಿದ ಪುಣ್ಯಾತ್ಮ ದಪ್ಪ ಗೇರ್ ಎಣ್ಣೆ ಸುರಿದಿದ್ದ. ಗೇರ್‌ಬಾಕ್ಸಿಗೆ ಗೇರ್ ಎಣ್ಣೆ ಹಾಕಿದರೆ ಏನು ತಪ್ಪು ಅಂತ ಅನ್ನಿಸುವುದು ಸಹಜ. ಆದರೆ ಎಂಜಿಬಿಯ ಕೈಪಿಡಿ ಗೇರ್‌ಬಾಕ್ಸಿಗೂ ಇಂಜಿನ್ ಆಯಿಲ್ಲನ್ನೇ ಹೇಳುತ್ತದೆ. ದಪ್ಪ ಗೇರ್ ಎಣ್ಣೆ ಬೇಕಾದದ್ದು ಹಿಂದಿನ ಡಿಫರೆನ್ಶಿಯಲ್ಲಿಗೆ. ಅದರಲ್ಲಿ ಬೆರೆಸುವ ಗಂಧಕ, ರಂಜಕದ ರಾಸಾಯನಿಕಗಳು ಉಕ್ಕಿನ ಹಲ್ಲನ್ನು ಕಾಪಾಡುತ್ತವೆ, ಕೆಲವು ಬಗೆಯವು ಸಿಂಕ್ರೊದ ಹಿತ್ತಾಳೆ ಬಳೆಗಳನ್ನು ತಿನ್ನುತ್ತವೆ. ದಪ್ಪ ಎಣ್ಣೆಯಿಂದ ಒಂದು ಲಾಭವಿದೆ, ಸದ್ದು ಅಡಗುತ್ತದೆ. ಮಾರುವವನಿಗೆ ಬೇಕಾದದ್ದೂ ಅಷ್ಟೇ. ರೋಲ್ಡ್ ಡಾಲ್ 1988ರಲ್ಲಿ ಬರೆದ 'ಮಟಿಲ್ಡಾ'ದಲ್ಲಿ ಆ ಹುಡುಗಿಯ ಅಪ್ಪ ಹಳೇ ಕಾರುಗಳ ಗೇರ್‌ಬಾಕ್ಸಿಗೆ ಮರದ ಹೊಟ್ಟು ತುಂಬಿ ಸದ್ದಡಗಿಸಿ ಮಾರುತ್ತಾನೆ. ಮಕ್ಕಳ ಕತೆ ಅಂತ ನಗಬೇಡಿ, ಅದು ಹಳೇ ಕಾರಿನ ದಲ್ಲಾಳಿಗಳ ನಿಜವಾದ ಕೈಚಳಕ. ಬಾಳೆಹಣ್ಣು ಹಾಕುತ್ತಿದ್ದರಂತೆ ಎಂದೂ ನನ್ನ ಮೇಸ್ತ್ರಿ ಹೇಳುತ್ತಿದ್ದರು, ಅವರು ಯಾರ ಕಾರಿಗಾದರೂ ಹಾಕಿದ್ದರೋ ಏನೋ.

ಎಣ್ಣೆಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದೆ. ಹಳದಿ ಮಿಂಚು ಸ್ವಲ್ಪ. ಅದು ಸಿಂಕ್ರೊ ಬಳೆಗಳದು, ಗಾಬರಿಯಿಲ್ಲ. ಅದರ ನಡುವೆ ಎಳ್ಳಿನ ಸಿಪ್ಪೆಯಂಥ ಬೂದು ಚೂರುಗಳು. ಅಯಸ್ಕಾಂತ ಹಿಡಿದರೆ ಎದ್ದು ಬಂದು ಅಂಟಿದವು. ಉಕ್ಕು. ಇನ್ನು ವಾದವಿಲ್ಲ.

ಅಂಬಾಸಿಡರಿನಲ್ಲಿ ಜಾಕು ಕೊಟ್ಟು ಗೇರ್‌ಬಾಕ್ಸ್ ಕೆಳಗಿಳಿಸುತ್ತಿದ್ದ ನನಗೆ ಎಂಜಿಬಿ ಪಾಠ ಕಲಿಸಿತು. ಇದರ ಗೇರ್‌ಬಾಕ್ಸ್ ಕೆಳಗಿಂದ ಒಂದೇ ಇಳಿಯುವುದಿಲ್ಲ. ಇಂಜಿನ್ ಸಮೇತ ಮೇಲೆತ್ತಬೇಕು. ಬಾನೆಟ್ಟು, ರೇಡಿಯೇಟರು ಎಲ್ಲ ಕಳಚಿ, ಬಾಡಿಗೆಗೆ ತಂದ ಕ್ರೇನಿನಲ್ಲಿ ಎರಡನ್ನೂ ಜೋಡಿಯಾಗಿ, ಬಾಲ ಕೆಳಗೆ ಮೂತಿ ಮೇಲೆ ಮಾಡಿ ಎಳೆದು ತೆಗೆಯುವಾಗ ಭಾವನ ಇಬ್ಬರು ಗೆಳೆಯರೂ ನಾನೂ ಸುಸ್ತು. ಇದಕ್ಕೇ ನಾನು ಹೇಳುವುದು, ಬಿಚ್ಚುವ ಮೊದಲು ಎರಡು ದಿನ ಕೇಳಿದರೂ ನಷ್ಟವಿಲ್ಲ.

ಲೇ ಶಾಫ್ಟ್ ಹೊರಬಂತು. ಕಿರುಬೆರಳಿಗಿಂತ ತುಸು ದಪ್ಪದ ಸರಳು. ಒಂದು ಮಗ್ಗುಲು ಹೊಸ ಚಮಚದಂತೆ ಹೊಳೆಯುತ್ತಿತ್ತು. ಭಾವನಿಗೆ ಗೊಂದಲ. "ಚೆನ್ನಾಗೇ ಇದೆಯಲ್ಲ?" ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿ ತೋರಿಸಿದೆ. ಆ ಮಗ್ಗುಲಿನಲ್ಲಿ ಸಿಡುಬಿನ ಕಲೆ. ಉಗುರು ಆಡಿಸಿದರೆ ಕಟ್ ಕಟ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಈ ಸರಳು ತಾನು ತಿರುಗುವುದಿಲ್ಲ ಎಂದೆನಲ್ಲ, ಹಾಗಾಗಿ ಐವತ್ತು ಅರವತ್ತು ವರ್ಷವೂ ಹೊರೆ ಬಿದ್ದದ್ದು ಒಂದೇ ಮಗ್ಗುಲಿಗೆ. ಮೇಲಿನ ಗಟ್ಟಿ ಪದರ ಅಲ್ಲಿ ದಣಿದು ಚಕ್ಕೆ ಎದ್ದು, ಆ ಚಕ್ಕೆಗಳೇ ಎಣ್ಣೆಯಲ್ಲಿ ಸುತ್ತುತ್ತಾ ಸೂಜಿ ರೋಲರುಗಳನ್ನೂ ಕೆಡಿಸಿದ್ದವು. ಲೇ ಗೇರಿನ ಹಲ್ಲುಗಳು ಪುಣ್ಯಕ್ಕೆ ಉಳಿದಿದ್ದವು. ಇನ್ನಾರು ತಿಂಗಳು ಓಡಿಸಿದ್ದರೆ ಅವೂ ಹೋಗುತ್ತಿದ್ದವು, ಆಮೇಲೆ ಲೆಕ್ಕವೇ ಬೇರೆ.

ಹೊಸ ಲೇ ಶಾಫ್ಟ್, ಹೊಸ ಸೂಜಿ ಬೇರಿಂಗುಗಳು, ಬಿಚ್ಚಿದ್ದೇ ಬಿಚ್ಚಿದೆವು ಅಂತ ಮುಂದಿನ ಬೇರಿಂಗು, ಗ್ರಾಫೈಟ್ ಬಳೆ, ಎಣ್ಣೆ ಸೀಲುಗಳು. ಕೈಪಿಡಿ ಹೇಳಿದ ಇಂಜಿನ್ ಆಯಿಲ್. ಹತ್ತು ದಿನ ಹಿಡಿಯಿತು. ಎರಡನೇ ಗೇರು ಈಗ ಮೌನಿ. ಭಾವ ಮೂರು ಸಲ ಎರಡಕ್ಕೂ ಮೂರಕ್ಕೂ ಸುಮ್ಮಸುಮ್ಮನೆ ಹಾಕಿ ತೆಗೆದು ಮಗುವಿನ ಹಾಗೆ ಖುಷಿಪಟ್ಟರು.

ನಾನು ಹೊರಡುವ ದಿನ ಅಕ್ಕನೂ ಸೇರಿ ಒಂದು ಸುತ್ತು ಹೋಗಿಬರಬೇಕೆಂದು ಹಟ. ಇರುವುದು ಎರಡೇ ಸೀಟು, ಹಾಗಾಗಿ ನಾನು ಗೇಟಿನ ಬಳಿ ನಿಂತೆ. ಅಕ್ಕ ಸೆರಗು ತಲೆಗೆ ಸುತ್ತಿಕೊಂಡು ಪಕ್ಕದಲ್ಲಿ ಕೂತಳು. ಭಾವ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟರು. ಕೊಂಯ್...

"ಅಯ್ಯೋ, ಇಷ್ಟೆಲ್ಲ ದುಡ್ಡು ಸುರಿದು ಸದ್ದು ಹಾಗೇ ಇದೆಯಲ್ರೀ!" ಅಂತ ಅಕ್ಕ ಕೂಗಿದ್ದು ನನಗೆ ಗೇಟಿನ ತನಕ ಕೇಳಿಸಿತು.